ಪರವಾಗಿಲ್ಲಕ್ಕೆ ಎಷ್ಟು ಅಂಕ

ಗುಂಡಿಯಕ್ಕನಿಗೆ ಆ ಹೆಸರು ಬಂದದ್ದು ಕೆಲಸದಿಂದ. ಶಾಲೆಯ ಸಮವಸ್ತ್ರ ಹೊಲಿದು ಮಾರುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಆರು ಮಿಷನ್ನುಗಳಿವೆ. ಐದರಲ್ಲಿ ಬಟ್ಟೆ ಹೊಲಿಯುತ್ತಾರೆ. ಕಿಟಕಿ ಪಕ್ಕದ ಆರನೆಯದು ಗುಂಡಿಯ ತೂತು ಹೊಲಿಯುವ ಕಾಜಾ ಮಿಷನ್ನು. ಅದರ ಮುಂದೆ ಹದಿನಾಲ್ಕು ವರ್ಷದಿಂದ ಇವಳು ಕೂತಿದ್ದಾಳೆ. ಕಾಜಾ ಹೊಡೆಯುವುದು, ಗುಂಡಿ ಕೂರಿಸುವುದು, ವರ್ಷದ ನಡುವೆ ರಿಪೇರಿಗೆ ಬಂದ ಬಟ್ಟೆಯ ಮಡಿಕೆ ಬಿಚ್ಚಿ ಉದ್ದ ಮಾಡುವುದು, ತೇಪೆ ಹಾಕುವುದು, ಎಲ್ಲ ಇವಳದೇ. ಕೂರಲು ಕೈಯಿಲ್ಲದ ಕುರ್ಚಿ, ಬೆನ್ನಿಗೆ ತಾನೇ ಚಿಂದಿ ತುಂಬಿ ಕಟ್ಟಿಕೊಂಡ ದಿಂಬು. ಮಾಲೀಕನನ್ನು ಕೇಳಿದರೆ ತನ್ನ ಅಂಗಡಿ ನಡೆಯುವುದೇ ಆ ಹೆಂಗಸಿನ ಕೈಯಿಂದ ಎನ್ನುತ್ತಾನೆ. ಹಾಗಾದರೆ ಆಕೆಗೆ ನೆಟ್ಟಗಿನ ಒಂದು ಕುರ್ಚಿ ಕೊಡಬಾರದೇ ಎಂದು ಹೊಲಿಗೆ ಕೆಲಸಗಾರರ ಸಂಘದಿಂದ ನಾವು ಹೋಗಿ ಕೇಳಿದೆವು. ಇವಳನ್ನೇ ಮುಂದೆ ನಿಲ್ಲಿಸಿ, ಹೇಳಮ್ಮ, ಕುರ್ಚಿ ಹೇಗಿದೆ ಅಂದರೆ, ‘ಪರವಾಗಿಲ್ಲ’ ಅಂದಳು. ನಮ್ಮ ಹೋರಾಟ ಅಲ್ಲಿಗೆ ಮುಗಿಯಿತು.

ಈ ಪರವಾಗಿಲ್ಲ ನಮ್ಮ ಜನರ ಬಾಯಿಗೆ ಮೆತ್ತಿಕೊಂಡ ಅಂಟು. ಅಡುಗೆ ಚೆನ್ನಾಗಿದ್ದರೂ ಪರವಾಗಿಲ್ಲ, ಹಳಸಿದ್ದರೂ ಪರವಾಗಿಲ್ಲ. ಕಾಲು ತುಳಿದವನು ಮುಖ ಸಣ್ಣ ಮಾಡಿದರೆ ತುಳಿಸಿಕೊಂಡವನು ಕುಂಟುತ್ತಲೇ ಪರವಾಗಿಲ್ಲ ಅನ್ನುತ್ತಾನೆ. ಹೊಗಳಿಕೆಯೂ ಅದೇ, ಗೋಳೂ ಅದೇ, ನಿನ್ನ ಹತ್ತಿರ ಹೇಳಿ ಏನು ಉಪಯೋಗ ಎನ್ನುವುದೂ ಅದೇ. ಯಾವುದು ಯಾವಾಗ ಎಂದು ಎದುರಿಗಿರುವವರ ಮುಖ ನೋಡಿ ತಿಳಿದುಕೊಳ್ಳಬೇಕು. ಕಾಗದಕ್ಕೆ ಮುಖ ಇರುವುದಿಲ್ಲ. ಇವಳ ಮಗಳ ಅರ್ಜಿ ಹಾಳಾದದ್ದು ಅಲ್ಲೇ.

ಶಾಲೆಗಳನ್ನು ಗುಂಡಿಯಕ್ಕ ಓದುವುದು ಬಟ್ಟೆಯಲ್ಲಿ. ಮೊಣಕಾಲು ಹರಿದು ಬಂದರೆ ಮಕ್ಕಳನ್ನು ಆಡಲು ಬಿಡುವ ಶಾಲೆ. ಜೇಬಿನ ಬಾಯಿ ಕಿತ್ತಿದ್ದರೆ ಜೇಬಿನಲ್ಲಿ ಕೈಯಿಟ್ಟು ನಿಲ್ಲುವ ಮಕ್ಕಳು, ಅಂದರೆ ಮೇಷ್ಟ್ರ ಭಯವಿಲ್ಲ. ಕೆಲವು ಶಾಲೆಯ ಅಂಗಿಗಳು ತೋಳಿನ ತುದಿಯಲ್ಲಿ ಸಾಸಿವೆ ಗಾತ್ರದ ತೂತು ಹೊತ್ತು ಬರುತ್ತವೆ. ಹುಳ ತಿಂದದ್ದು ಅಂದುಕೊಂಡಿದ್ದಳು. ಬಟ್ಟೆ ತಂದ ತಾಯಿಯೊಬ್ಬಳು, ಅಲ್ಲ, ಅದು ಆಸಿಡ್ಡು, ಲ್ಯಾಬಿನಲ್ಲಿ ಮಕ್ಕಳೇ ಗಾಜಿನ ಕೊಳವೆ ಹಿಡಿದು ಸುರಿಯುತ್ತಾರೆ, ಚಿಮ್ಮುತ್ತದೆ ಅಂದಳು. ತೂತಿನ ಬಗ್ಗೆ ಆ ತಾಯಿಗೆ ಸಿಟ್ಟು. ಗುಂಡಿಯಕ್ಕನಿಗೆ ಹೊಟ್ಟೆಕಿಚ್ಚು. ತನ್ನ ಮಗಳ ಬಟ್ಟೆ ತೋಳಲ್ಲೂ ಹರಿಯುವುದಿಲ್ಲ, ಮೊಣಕಾಲಲ್ಲೂ ಹರಿಯುವುದಿಲ್ಲ, ಕೂರುವ ಜಾಗದಲ್ಲಿ ಮಾತ್ರ ಸವೆದು ಕನ್ನಡಿಯ ಹಾಗೆ ಹೊಳೆಯುತ್ತದೆ ಎನ್ನುವುದು ಅವತ್ತು ಅವಳ ತಲೆಗೆ ಹೊಕ್ಕಿತು.

ಮಗಳು ಏಳನೆಯ ಕ್ಲಾಸು, ಬೀದಿ ತುದಿಯ ಬಿಟ್ಟಿ ಶಾಲೆಯಲ್ಲಿ. ಲೆಕ್ಕದಲ್ಲಿ ಅವಳ ಮುಂದೆ ನಿಲ್ಲುವವರಿಲ್ಲ. ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋಗಿ ಒಂದೂವರೆ ವರ್ಷ, ಬದಲಿಗೆ ಬಂದವರಿಲ್ಲ. ವಿಜ್ಞಾನದ ಕೋಣೆಗೆ ಬೀಗ, ಬೀಗದ ಕೈ ಯಾರ ಹತ್ತಿರ ಇದೆ ಎಂದು ಹೆಡ್ಮೇಷ್ಟ್ರಿಗೂ ಗೊತ್ತಿಲ್ಲ. ಉಪ್ಪು ಕರಗುವುದನ್ನೂ ಪುಸ್ತಕದಲ್ಲೇ ಓದಿದ್ದೇವೆ ಎಂದು ಹುಡುಗಿ ನನ್ನ ಹತ್ತಿರ ಒಮ್ಮೆ ಹೇಳಿದ್ದಳು.

ಅಂಗಡಿಗೆ ವರ್ಷಕ್ಕೊಂದು ಸಲ ವಿಚಿತ್ರ ಗಂಟು ಬರುತ್ತಿತ್ತು. ಹನ್ನೆರಡೋ ಹದಿನಾಲ್ಕೋ ಮಕ್ಕಳ ಬಟ್ಟೆ, ಒಂದೊಂದೂ ಒಂದೊಂದು ದೊಡ್ಡ ಶಾಲೆಯದು, ಬಿಲ್ಲು ಮಾತ್ರ ಒಂದೇ ಹೆಸರಿಗೆ. ಇದ್ಯಾರಪ್ಪ ಇಷ್ಟೊಂದು ಮಕ್ಕಳ ತಂದೆ ಎಂದು ಇವಳು ಮಾಲೀಕನನ್ನು ಕೇಳಿದಳು. ಅದೊಂದು ಸಂಸ್ಥೆಯಂತೆ. ಬಿಟ್ಟಿ ಶಾಲೆಗಳಿಂದ ಚುರುಕಾದ ಮಕ್ಕಳನ್ನು ಆರಿಸಿ, ಪರೀಕ್ಷೆ ಮಾಡಿ, ದೊಡ್ಡ ಖಾಸಗಿ ಶಾಲೆಗಳಲ್ಲಿ ಪೂರ್ತಿ ವಿದ್ಯಾರ್ಥಿವೇತನದ ಸೀಟು ಕೊಡಿಸುತ್ತದಂತೆ. ಹದಿನಾಲ್ಕು ವರ್ಷ ಆ ಗಂಟಿಗೆ ಗುಂಡಿ ಹಚ್ಚಿದವಳಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಕೇಳಿರಲಿಲ್ಲ ನೀನು ಎಂದು ಮಾಲೀಕ ಅವಳ ಮೇಲೇ ಹಾಕಿದ.

ಮಾರನೆಯ ದಿನವೇ ಹನ್ನೊಂದು ಪುಟದ ಅರ್ಜಿ ಹಿಡಿದು ಸಂಘದ ಕಚೇರಿಗೆ ಬಂದಳು. ಅದನ್ನು ಕಂಪ್ಯೂಟರಿಗೆ ತುಂಬಿಕೊಡುವುದು ನನ್ನ ಪಾಲಿಗೆ ಬಿತ್ತು. ಮುಷ್ಕರದ ನೋಟೀಸು ಬರೆಯುವುದು ಇದಕ್ಕಿಂತ ಸುಲಭ. ಫೋಟೋ ಹಗುರ ಇರಬೇಕು, ಆದರೆ ಮುಖ ಸ್ಪಷ್ಟ ಇರಬೇಕು ಎನ್ನುತ್ತದೆ ಕಂಪ್ಯೂಟರು. ಹಗುರ ಮಾಡಿದರೆ ಮುಖ ಹೋಗುತ್ತದೆ, ಮುಖ ಉಳಿಸಿದರೆ ಭಾರವಾಗುತ್ತದೆ. ಮೂರನೆಯ ಪುಟದ ತನಕ ಬಂದ ಮೇಲೆ ಸಮಯ ಮೀರಿದೆ, ಮೊದಲಿನಿಂದ ಶುರು ಮಾಡಿ ಅಂದಿತು. ಶುರು ಮಾಡಿದೆವು. ಮಗುವಿಗೆ ಮನೆಯಲ್ಲಿ ಪ್ರತ್ಯೇಕ ಅಧ್ಯಯನ ಸ್ಥಳ ಇದೆಯೇ? ಎರಡು ಕೋಣೆಯ ಮನೆಯಲ್ಲಿ ಅತ್ತೆ, ಸೊಸೆ, ಮೊಮ್ಮಗಳು, ವಾರಕ್ಕೆರಡು ದಿನ ಬಂದು ಬೀಳುವ ಗಂಡ. ಗಂಡ ನೀರಿನ ಟ್ಯಾಂಕರು ಓಡಿಸುತ್ತಾನೆ. ಹುಡುಗಿ ಓದುವುದು ಅಡುಗೆ ಕಟ್ಟೆಯ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು. ಅದಕ್ಕೆ ಇದೆ ಅಂತ ಹಾಕಬೇಕೋ ಇಲ್ಲ ಅಂತ ಹಾಕಬೇಕೋ? ‘ಇದೆ ಅಂತ ಹಾಕಿ. ಅಲ್ಲಿ ಬೇರೆ ಯಾರೂ ಹಿಡಿಸೋದಿಲ್ಲ’ ಅಂದಳು ತಾಯಿ.

ಮಗುವಿನ ನಾಯಕತ್ವ ಗುಣವನ್ನು ಇನ್ನೂರು ಪದಗಳಲ್ಲಿ ವಿವರಿಸಿ ಎನ್ನುವುದು ಇನ್ನೊಂದು ಪ್ರಶ್ನೆ. ಅದನ್ನು ಮನೆಗೆ ಹೋಗಿ ಓದಿ ಹೇಳಿದಾಗ ಮೂಲೆಯಲ್ಲಿದ್ದ ಅತ್ತೆ ತಲೆ ಎತ್ತಿದಳು. ‘ಈ ಮನೇಲಿ ನಾನಿರೋವಾಗ ಇನ್ನೊಬ್ಬ ನಾಯಕಿ ಯಾಕೆ?’

ಐದು ಶಾಲೆಗಳನ್ನು ಇಷ್ಟದ ಪ್ರಕಾರ ಬರೆದು ಕಾರಣ ಕೊಡಬೇಕಿತ್ತು. ಬೇರೆ ತಂದೆತಾಯಿ ಶಾಲೆಯ ಹೆಸರು, ಫಲಿತಾಂಶ ನೋಡಿ ಬರೆದಿರಬೇಕು. ಇವಳು ತೂತಿನ ಲೆಕ್ಕದ ಮೇಲೆ ಬರೆಸಿದಳು. ತೋಳಿನಲ್ಲಿ ಅತಿ ಹೆಚ್ಚು ಸುಟ್ಟ ತೂತಿರುವ ಶಾಲೆ ಒಂದನೆಯದು, ಅದಕ್ಕಿಂತ ಕಮ್ಮಿಯದು ಎರಡನೆಯದು. ಎಲ್ಲರೂ ಬಾಯಿಬಿಡುವ, ನಗರಕ್ಕೇ ದೊಡ್ಡದಾದ ಶಾಲೆಯನ್ನು ಪಟ್ಟಿಯಿಂದಲೇ ಬಿಟ್ಟಳು. ಆ ಶಾಲೆಯ ಬಟ್ಟೆ ವರ್ಷದ ಕೊನೆಗೂ ಇಸ್ತ್ರಿ ಕೆಡದೆ ಬರುತ್ತದೆ, ಮಕ್ಕಳು ಅಲ್ಲಿ ಗೊಂಬೆ ಥರ ಕೂತಿರುತ್ತಾರೆ ಎನ್ನುವುದು ಅವಳ ವಾದ. ಕಾರಣ ಎಂಬ ಜಾಗದಲ್ಲಿ ಇದನ್ನೇ ಬರೆಯಲು ನನ್ನ ಕೈ ಬರಲಿಲ್ಲ. ‘ಉತ್ತಮ ಪ್ರಯೋಗಾಲಯ’ ಎಂದು ಬರೆದೆ. ಅವಳು ಹೇಳಿದ್ದನ್ನೇ ಬರೆಯಬೇಕಿತ್ತು.

ಆಮೇಲೆ ಶಿಕ್ಷಕರ ಅಭಿಪ್ರಾಯದ ಹಾಳೆ. ಹುಡುಗಿಯ ಲೆಕ್ಕದ ಮೇಷ್ಟ್ರು ನಿವೃತ್ತಿಗೆ ಹತ್ತಿರ ಬಂದವರು, ಕಡ್ಡಿ ಮುರಿದ ಹಾಗೆ ಮಾತು. ಹಾಳೆಯಲ್ಲಿ ಮೂರು ಚೌಕ: ಅತ್ಯುತ್ತಮ, ಉತ್ತಮ, ಸಾಧಾರಣ. ಒಂದಕ್ಕೆ ಗುರುತು ಹಾಕಬೇಕು. ಮೇಷ್ಟ್ರು ಮೂರನ್ನೂ ಸ್ಕೇಲಿಟ್ಟು ನೀಟಾಗಿ ಹೊಡೆದು ಹಾಕಿ, ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ ಬರೆದರು: ಹುಡುಗಿ ಪರವಾಗಿಲ್ಲ.

ಲಕೋಟೆ ಅಂಟಿಸಿಯೇ ಕೊಟ್ಟರು. ಒಳಗೇನಿದೆ ಎಂದು ಆಗ ನಮಗೆ ಗೊತ್ತಿರಲಿಲ್ಲ.

ಬರಹದ ಪರೀಕ್ಷೆಯನ್ನು ಹುಡುಗಿ ಸಲೀಸಾಗಿ ಮುಗಿಸಿದಳು. ಒಂದು ಲೆಕ್ಕ ತಪ್ಪಿದೆ ಎಂದು ಬಂದಳು; ತಪ್ಪಿದ್ದು ಅವಳದಲ್ಲ, ಪ್ರಶ್ನೆಪತ್ರಿಕೆಯದು. ಮೂರು ವಾರದ ಮೇಲೆ ಸಂದರ್ಶನ. ಸಂಸ್ಥೆಯ ಕಚೇರಿ ಎರಡನೆಯ ಮಹಡಿಯಲ್ಲಿ, ಗಾಜಿನ ಬಾಗಿಲು. ತಂದೆತಾಯಿ ಇಬ್ಬರೂ ಬರಬೇಕು ಅಂದಿದ್ದರು, ಗಂಡ ಟ್ಯಾಂಕರಿನ ಮೇಲಿದ್ದ. ಮಗಳನ್ನು ಕರೆದುಕೊಂಡು ಇವಳೇ ಹೋದಳು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಒಳಗೆ ನಡೆದದ್ದನ್ನು ಆಮೇಲೆ ಹುಡುಗಿ ಒಪ್ಪಿಸಿದಳು.

ಸಂದರ್ಶನ ಮಾಡಿದ ಮೇಡಂ ಕೆಟ್ಟವಳಲ್ಲ. ನೀರು ಕೊಟ್ಟಳು, ಕುರ್ಚಿ ಎಳೆದು ಕೂರಿಸಿದಳು. ಕಂಪ್ಯೂಟರಿನ ಮೇಲೆ ಕೈಯಿಟ್ಟುಕೊಂಡು, ಈಗಿನ ಶಾಲೆ ಹೇಗಿದೆ ಅಂದಳು. ಪರವಾಗಿಲ್ಲ ಮೇಡಂ. ಪಾಠ ಹೇಗೆ ಮಾಡ್ತಾರೆ? ಪರವಾಗಿಲ್ಲ. ಮನೆ ಕಡೆ? ಪರವಾಗಿಲ್ಲ. ನಿಮ್ಮ ಕೆಲಸ ಹೇಗಿದೆ, ಆರೋಗ್ಯ ಹೇಗಿದೆ, ಮಗಳ ಓದಿಗೆ ಏನಾದರೂ ಅಡ್ಡಿ ಇದೆಯಾ? ಹಾಗೇನಿಲ್ಲ ಮೇಡಂ, ಪರವಾಗಿಲ್ಲ. ಹುಡುಗಿ ಮೇಜಿನ ಕೆಳಗೆ ಬೆರಳು ಮಡಚಿ ಎಣಿಸಿದ್ದಳು. ಆರು ಸಲ. ಒಂದೊಂದು ಸಲಕ್ಕೂ ಮೇಡಂ ಟಕಟಕ ಎಂದು ಏನೋ ಒತ್ತುತ್ತಿದ್ದಳಂತೆ.

ಹೊರಗೆ ಬಂದ ತಾಯಿಯ ಮುಖ ಅರಳಿತ್ತು. ತುಂಬ ಮರ್ಯಾದೆಯಿಂದ ಮಾತಾಡಿಸಿದರು, ನಾನೂ ಒಂದು ಮಾತು ಹೆಚ್ಚುಕಮ್ಮಿ ಆಡಲಿಲ್ಲ ಅಂದಳು. ಅದೇ ಆಗಿದ್ದು ಎಡವಟ್ಟು.

ಹದಿನೈದು ದಿನಕ್ಕೆ ಕಾಗದ ಬಂತು. ಬರಹದ ಪರೀಕ್ಷೆ: ನೂರಕ್ಕೆ ತೊಂಬತ್ತೊಂದು. ಶಿಕ್ಷಕರ ಅಭಿಪ್ರಾಯ: ಸಾಧಾರಣ. ಅಗತ್ಯ: ಕಡಿಮೆ. ಷರಾ: ಕುಟುಂಬವು ಈಗಿನ ಶಾಲೆಯ ಬಗ್ಗೆ ತೃಪ್ತಿ ಹೊಂದಿದೆ. ಈ ಸಾಲಿನ ಆಯ್ಕೆಗೆ ಪರಿಗಣಿಸಲಾಗುವುದಿಲ್ಲ. ಮರುಪರಿಶೀಲನೆ ಬೇಕಿದ್ದರೆ ಹತ್ತು ದಿನದೊಳಗೆ ಬರೆದುಕೊಳ್ಳಬಹುದು. ಸಂಸ್ಥೆ ಏಳನೆಯ ಕ್ಲಾಸು ಮುಗಿಸುತ್ತಿರುವವರನ್ನು ಮಾತ್ರ ತೆಗೆದುಕೊಳ್ಳುತ್ತದೆ. ಈ ವರ್ಷ ತಪ್ಪಿದರೆ ಹುಡುಗಿಗೆ ಮುಂದಿನ ವರ್ಷ ಎನ್ನುವುದೇ ಇಲ್ಲ.

ತೃಪ್ತಿ ಹೊಂದಿದೆ ಎನ್ನುವ ಸಾಲು ಓದಿ ನನ್ನ ಮೈ ಉರಿಯಿತು. ಸಂಸ್ಥೆಯವರ ಮೇಲೆ ಉರಿಯಿತು, ಇವಳ ಮೇಲೆ ಇನ್ನೂ ಹೆಚ್ಚು. ಬೇಡಿಕೆ ಪಟ್ಟಿ ಬರೆದೂ ಬರೆದೂ ನಮ್ಮ ಕೈ ಸವೆದಿದೆ. ಕೊಡುವವನು ಎದುರು ಕೂತು ಏನು ಬೇಕು ಅಂದಾಗ ಪರವಾಗಿಲ್ಲ ಅನ್ನುವ ಜನರನ್ನು ಕಟ್ಟಿಕೊಂಡು ಯಾವ ಕ್ರಾಂತಿ ಆದೀತು? ಅವಳ ಮನೆಗೇ ಹೋಗಿ ಹೀಗೇ ಅಂದೆ. ಅವಳು ಸೂಜಿಗೆ ದಾರ ಪೋಣಿಸುತ್ತಾ ಕೇಳಿಸಿಕೊಂಡಳು.

‘ಮತ್ತೇನು ಅನ್ನಬೇಕಿತ್ತು? ಪರಿಚಯ ಇಲ್ಲದ ಹೆಂಗಸು. ನೀರು ಬೇರೆ ಕೊಟ್ಟಿದ್ದಾಳೆ. ಅವಳ ಮುಂದೆ ಕೂತು ನಮ್ಮ ಮನೆ ಚಿಂದಿ ಬಿಚ್ಚಬೇಕಾ?’

ಅತ್ತೆ ತನ್ನ ಮೂಲೆಯಿಂದಲೇ ಕೂಗಿದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು ಇವಳಿಗೆ, ಅಳೋ ಕಡೆ ಅಳಬೇಕು, ಮೊಮ್ಮಗಳ ದಾರಿಗೆ ತಾಯಿಯೇ ಮುಳ್ಳು ಎಂದು ಬಾಯಿಗೆ ಬಂದದ್ದೆಲ್ಲ ಅಂದಳು. ಹುಡುಗಿ ಮಾತ್ರ ಆ ಕಾಗದವನ್ನು ತನ್ನ ವಿಜ್ಞಾನದ ಪುಸ್ತಕದೊಳಗೆ ಇಟ್ಟುಕೊಂಡಿದ್ದಾಳೆ, ದಿನಾ ತೆಗೆದು ನೋಡುತ್ತಾಳೆ ಎಂದು ತಾಯಿಯೇ ನನಗೆ ಹೇಳಿದಳು.

ಮರುಪರಿಶೀಲನೆಗೆ ನಾನು ಎರಡು ಪುಟ ಬರೆದೆ. ಕಣ್ಣೀರು, ಹಸಿವು, ಸೋರುವ ಸೂರು, ಒಂದೇ ಹೊತ್ತಿನ ಊಟ. ಕಲ್ಲೂ ಕರಗಬೇಕು, ಹಾಗೆ. ಅಂಗಡಿಗೆ ಹೋಗಿ ಓದಿ ಹೇಳಿದೆ. ಕೊನೆಯ ತನಕ ಕೇಳಿ, ‘ಪಾಪ. ಇದು ಯಾರ ಮನೆ ಕಥೆ?’ ಅಂದಳು. ನಿನ್ನದೇ ಅಂದೆ. ನಾವು ಯಾವತ್ತು ಒಂದೇ ಹೊತ್ತು ಉಂಡೆವು, ನಮ್ಮ ಸೂರು ಎಲ್ಲಿ ಸೋರುತ್ತದೆ ತೋರಿಸಿ, ನಾಳೆ ನನ್ನ ಮಗಳು ಇದನ್ನು ಓದಿದರೆ ನನ್ನ ಮುಖ ಎಲ್ಲಿಡಲಿ ಎಂದು ಜಗಳಕ್ಕೇ ನಿಂತಳು. ಅಂಕ ಬೇಕಾದರೆ ಅಳಬೇಕಮ್ಮ ಅಂದೆ. ಹಾಳೆ ನನ್ನ ಕೈಗೇ ತುರುಕಿ ಮಿಷನ್ನಿಗೆ ಹೋಗಿ ಕೂತಳು. ಹತ್ತರಲ್ಲಿ ನಾಲ್ಕು ದಿನ ಹೀಗೇ ಕಳೆಯಿತು.

ಐದನೆಯ ದಿನ ಇಬ್ಬರೂ ಮೇಷ್ಟ್ರ ಹತ್ತಿರ ಹೋದೆವು. ಸಾಧಾರಣ ಅಂತ ಯಾಕೆ ಬರೆದಿರಿ ಎಂದು ನಾನೇ ಸ್ವಲ್ಪ ಬಿರುಸಾಗಿ ಕೇಳಿದೆ. ಮೇಷ್ಟ್ರು ಕನ್ನಡಕ ಮೇಲೆ ಮಾಡಿ, ಸಾಧಾರಣ ಅಂತ ಯಾವ ಕತ್ತೆ ಬರೆದದ್ದು, ನಾನು ಬರೆದದ್ದು ಪರವಾಗಿಲ್ಲ ಅಂದರು. ಆಗಲೇ ನಮಗೆ ಲಕೋಟೆಯೊಳಗಿನ ಸಂಗತಿ ತಿಳಿದದ್ದು. ಚೌಕದಲ್ಲಿ ಗುರುತಿಲ್ಲದ್ದನ್ನು ನೋಡಿ ಸಂಸ್ಥೆಯ ಗುಮಾಸ್ತ ತನಗೆ ತೋಚಿದ ಚೌಕಕ್ಕೆ ಇಳಿಸಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಇಲ್ಲಿ ದೇವರೂ ಬಾಯಿಬಿಟ್ಟು ಕೊಟ್ಟಿರಲಿಲ್ಲ.

ಹಾಗಾದರೆ ಅತ್ಯುತ್ತಮ ಅಂತ ಒಂದು ಗುರುತು ಹಾಕಿಬಿಡಿ ಸಾರ್ ಅಂದಳು ಗುಂಡಿಯಕ್ಕ. ಮೇಷ್ಟ್ರು ಒಪ್ಪಲಿಲ್ಲ. ‘ಅತ್ಯುತ್ತಮ ಅಂದ್ರೆ ಇನ್ನು ಕಲಿಯೋದು ಬಾಕಿ ಇಲ್ಲ ಅಂತ. ಹನ್ನೆರಡು ವರ್ಷದ ಮಗೂಗೆ ಹಾಗಂತ ಬರೆದ್ರೆ ಅದು ಶಾಪ ಕಣಮ್ಮ.’ ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಬೇರೆ ಹಾಳೆ ತೆಗೆದು, ನಿಂತೇ ಬರೆದು ಕೊಟ್ಟರು. ಈ ಸಲ ಅಂಟಿಸದೆ ಕೊಟ್ಟರು. ‘ಇಪ್ಪತ್ತಾರು ವರ್ಷದಲ್ಲಿ ನಾನು ಪರವಾಗಿಲ್ಲ ಎಂದು ಬರೆದು ಕೊಟ್ಟದ್ದು ಮೂವರು ಮಕ್ಕಳಿಗೆ. ಈಕೆ ನಾಲ್ಕನೆಯವಳು. ಅರ್ಥವಾಗದಿದ್ದರೆ ಶಾಲೆಗೆ ಬಂದು ಕೇಳಬಹುದು. ಹತ್ತು ಗಂಟೆಯ ಮೇಲೆ ಬರಬೇಡಿ, ಪಾಠ ಇರುತ್ತದೆ.’

ನನ್ನ ಎರಡು ಪುಟ ಬಿಟ್ಟು, ಮೇಷ್ಟ್ರ ಹಾಳೆಯ ಜೊತೆ, ನಾವೇ ಬಂದು ಮಾತಾಡುತ್ತೇವೆ ಎಂದು ಒಂದು ಸಾಲು ಬರೆದು ಹಾಕಿದೆವು. ಕರೆದರು. ಅದೇ ಮೇಡಂ, ಅವಳ ಪಕ್ಕದಲ್ಲಿ ಈ ಸಲ ಒಬ್ಬ ಹಿರಿಯ ಅಧಿಕಾರಿ. ತಾಯಿ ಮಗಳ ಜೊತೆ ನನ್ನನ್ನೂ ಒಳಗೆ ಬಿಟ್ಟರು. ಬಾಯಿ ತೆರೆಯಬಾರದು ಎಂದು ಗುಂಡಿಯಕ್ಕ ಮೆಟ್ಟಿಲ ಮೇಲೇ ನನಗೆ ತಾಕೀತು ಮಾಡಿದ್ದಳು.

ಮೇಡಂಗೂ ಬೇಸರವಾಗಿತ್ತು. ಅವತ್ತು ನಾನು ಕೇಳಿದ್ದಕ್ಕೆಲ್ಲ ಪರವಾಗಿಲ್ಲ ಅಂದಿರಿ, ತೊಂದರೆ ಇದ್ದದ್ದನ್ನು ಅವತ್ತೇ ಯಾಕೆ ಹೇಳಲಿಲ್ಲ ಅಂದಳು. ನ್ಯಾಯವಾದ ಪ್ರಶ್ನೆಯೇ.

‘ನೀವು ಹೇಗಿದೆ ಅಂತ ಕೇಳಿದ್ರಿ ಮೇಡಂ. ಹೇಗಿದೆ ಅಂದ್ರೆ ಯಾರಾದ್ರೂ ನಿಜ ಹೇಳ್ತಾರಾ? ನೀವು ಹೇಳ್ತೀರಾ? ಏನಿಲ್ಲ ಅಂತ ಕೇಳಿ, ಹೇಳ್ತೀನಿ.’

ಅಧಿಕಾರಿ ಪೆನ್ನು ಕೆಳಗಿಟ್ಟ. ಮೇಡಂ ಇವಳ ಮುಖ ನೋಡಿ, ‘ಸರಿ. ಏನಿಲ್ಲ?’ ಅಂದಳು.

ಆಗ ಬಿಚ್ಚಿದಳು ನೋಡಿ. ವಿಜ್ಞಾನಕ್ಕೆ ಮೇಷ್ಟ್ರಿಲ್ಲ, ಒಂದೂವರೆ ವರ್ಷ. ಲ್ಯಾಬಿಗೆ ಬೀಗದ ಕೈ ಇಲ್ಲ. ಎರಡು ಕ್ಲಾಸಿಗೆ ಒಂದೇ ಕೋಣೆ, ಮಧ್ಯೆ ಪರದೆ ಕೂಡ ಇಲ್ಲ, ಆರರ ಪದ್ಯ ಏಳರ ಲೆಕ್ಕದೊಳಗೆ ಬಂದು ಬೀಳುತ್ತದೆ. ಲೆಕ್ಕದ ಮೇಷ್ಟ್ರು ಇದ್ದಾರೆ, ಅವರು ಈ ವರ್ಷಕ್ಕೆ ನಿವೃತ್ತಿ, ಆಮೇಲೆ ಅವರೂ ಇಲ್ಲ. ಮನೆಯ ಸುದ್ದಿ ಒಂದು ಮಾತೂ ಎತ್ತಲಿಲ್ಲ. ಮೇಡಂ ಒತ್ತುವುದನ್ನು ಬಿಟ್ಟು ಕೈಯಲ್ಲಿ ಬರೆದುಕೊಳ್ಳುತ್ತಿದ್ದಳು. ಈ ಶಾಲೆಯನ್ನೇ ಮೊದಲನೆಯದಾಗಿ ಯಾಕೆ ಕೇಳಿದಿರಿ ಎಂದು ಅಧಿಕಾರಿ ಕೇಳಿದ. ತೋಳಿನ ತೂತಿನ ವಿಷಯ ಹೇಳಿದಳು. ಅವನಿಗೆ ಮೊದಲು ತಿಳಿಯಲಿಲ್ಲ, ಮತ್ತೊಮ್ಮೆ ಹೇಳಿಸಿಕೊಂಡ.

‘ನನ್ನ ಮಗಳ ಬಟ್ಟೆ ಕೂರೋ ಜಾಗದಲ್ಲಿ ಮಾತ್ರ ಸವೆಯುತ್ತೆ ಸಾರ್. ಏಳು ವರ್ಷದಿಂದ ಕೂತಿದ್ದಾಳೆ. ಎದ್ದು ಒಂದು ಕೆಲಸ ಮಾಡಲಿ ಅಂತ ನನ್ನಾಸೆ. ಅಷ್ಟೇ.’

ಹುಡುಗಿ ತಲೆ ತಗ್ಗಿಸಿ ತನ್ನ ತೋಳಿನ ಗುಂಡಿಯನ್ನು ತಿರುಗಿಸುತ್ತಾ ಕೂತಿದ್ದಳು.

ಸೀಟು ಸಿಕ್ಕಿತು. ಮೊದಲನೆಯ ಶಾಲೆ ಅಷ್ಟರಲ್ಲಿ ತುಂಬಿಹೋಗಿತ್ತು, ಎರಡನೆಯದರಲ್ಲಿ. ಕಾಗದ ಬಂದ ದಿನ ಅತ್ತೆ ಓಣಿಗೆಲ್ಲ ಹೇಳಿಬಂದಳು. ಇಲ್ಲಿಗೆ ಮುಗಿಯಿತು ಅಂದುಕೊಳ್ಳುವವರು ಇಂಥ ಅರ್ಜಿಯನ್ನು ಯಾವತ್ತೂ ಹಾಕಿದವರಲ್ಲ. ಶುಕ್ರವಾರ ಸಂಜೆ ನಾಲ್ಕರೊಳಗೆ ಕಚೇರಿಗೆ ಬಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಹೋದೆವು. ಒಪ್ಪಿಗೆ ಪತ್ರದ ಎರಡನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ವಿದ್ಯಾರ್ಥಿನಿಯನ್ನು ಮತ್ತೆ ಏಳನೆಯ ತರಗತಿಗೇ ಸೇರಿಸಿಕೊಳ್ಳಲಾಗುವುದು.

ಗುಂಡಿಯಕ್ಕ ಪೆನ್ನು ಮುಚ್ಚಿದಳು. ಏಳು ಮುಗಿಸಿದವಳನ್ನು, ಕ್ಲಾಸಿಗೇ ಮೊದಲು ಬಂದವಳನ್ನು, ಮತ್ತೆ ಏಳಕ್ಕೇ ಹಾಕುವುದು ಯಾವ ನ್ಯಾಯ? ಸಂಸ್ಥೆಯಿಂದ ಹೋಗುವ ಎಲ್ಲ ಮಕ್ಕಳಿಗೂ ಇದೇ ನಿಯಮ, ಅಲ್ಲಿನ ಇಂಗ್ಲಿಷಿಗೆ, ವಿಜ್ಞಾನಕ್ಕೆ ಹೊಂದಿಕೊಳ್ಳಲು ಒಂದು ವರ್ಷ ಬೇಕು ಎಂದು ಮೇಡಂ ಸಮಾಧಾನದಿಂದಲೇ ಹೇಳಿದಳು.

‘ಬಟ್ಟೆ ಚಿಕ್ಕದಾಯ್ತು ಅಂತ ಯಾರಾದ್ರೂ ಮಗೂನ ಕತ್ತರಿಸ್ತಾರಾ ಮೇಡಂ? ಬಟ್ಟೆ ಬಿಚ್ಚಿ ದೊಡ್ಡದು ಮಾಡ್ತಾರೆ.’

ಮೇಡಂ ನಿಯಮದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಅವತ್ತೇ ಶುಕ್ರವಾರ, ಗಂಟೆ ಮೂರೂಕಾಲು. ಇಷ್ಟು ದಿನ ಪರವಾಗಿಲ್ಲ ಅನ್ನುತ್ತಿದ್ದವಳಿಗೆ ಈಗ ಪರವಾ ಶುರುವಾಗಿತ್ತು, ಅದೂ ಎಂಥ ಹೊತ್ತಿನಲ್ಲಿ. ನಡಿ ಎಂದು ಮಗಳ ಕೈ ಹಿಡಿದು ಎದ್ದೇಬಿಟ್ಟಳು.

ಹುಡುಗಿ ಏಳಲಿಲ್ಲ. ಕೂತಲ್ಲಿಂದಲೇ ಮೇಡಂ ಕಡೆ ತಿರುಗಿ, ಅಲ್ಲಿ ಲ್ಯಾಬು ಯಾವ ಕ್ಲಾಸಿನಿಂದ ಶುರು ಎಂದು ಕೇಳಿದಳು. ಆರರಿಂದ ಅಂದಳು ಮೇಡಂ. ‘ಹಾಗಾದ್ರೆ ಎಂಟಕ್ಕೆ ಹೋದ್ರೆ ನಂಗೆ ಎರಡು ವರ್ಷದ್ದು ತಪ್ಪುತ್ತೆ. ಏಳಕ್ಕೆ ಹೋದ್ರೆ ಒಂದೇ ವರ್ಷದ್ದು’ ಅಂದಳು ತಾಯಿಗೆ. ‘ಕೂತ್ಕೋ ಅಮ್ಮ.’

ಲೆಕ್ಕ ಸರಿಯಾಗಿತ್ತು. ಅದೇ ಗುಂಡಿಯಕ್ಕನಿಗೆ ಇನ್ನೂ ಸಿಟ್ಟು ತರಿಸಿತು. ಕೂತು, ಪೆನ್ನು ಕಿತ್ತುಕೊಂಡು ಸಹಿ ಹಾಕಿದಳು. ಒತ್ತಿದ ರಭಸಕ್ಕೆ ಅಕ್ಷರ ಕೆಳಗಿನ ಎರಡು ಹಾಳೆಗೂ ಮೂಡಿತು. ಗುಮಾಸ್ತ ಹಾಳೆಯನ್ನು ತಿರುವಿ ನೋಡಿ, ತಂದೆಯ ಸಹಿ ಎಲ್ಲಿ ಅಂದ.

ತಂದೆ ಆ ಹೊತ್ತಿಗೆ ಟ್ಯಾಂಕರು ತುಂಬಿಸಿಕೊಂಡು ಎಲ್ಲಿಗೋ ಹೊರಟಿದ್ದ. ಫೋನಿನಲ್ಲಿ ಅವಳು ಅವನಿಗೆ ಅಂದದ್ದು ಕಚೇರಿಗೆಲ್ಲ ಕೇಳಿಸಿತು, ಇಲ್ಲಿ ಬರೆಯುವಂಥದ್ದಲ್ಲ. ನಾಲ್ಕಕ್ಕೆ ಏಳು ನಿಮಿಷ ಇರುವಾಗ ಕೆಳಗೆ ಕಟ್ಟಡದ ಬಾಗಿಲ ಮುಂದೆ ತುಂಬಿದ ಟ್ಯಾಂಕರು ಅಡ್ಡಲಾಗಿ ನಿಂತಿತು. ಅವನು ಒದ್ದೆ ಕೈ ಒರೆಸಿಕೊಳ್ಳುತ್ತಾ ಎರಡೆರಡು ಮೆಟ್ಟಿಲು ಹಾರಿ ಬಂದು, ಗುಮಾಸ್ತ ತೋರಿಸಿದ ಮೂರು ಕಡೆ ಗೀಚಿದ. ಕೆಳಗೆ ಕಾರುಗಳು ಸಾಲುಗಟ್ಟಿ ಹಾರ್ನು ಬಾರಿಸುತ್ತಿದ್ದವು, ಕಾವಲಿನವನು ಕಿರುಚುತ್ತಿದ್ದ. ನಮ್ಮ ಸಂಘದ ಕೈಯಲ್ಲಿ ಆ ಬೀದಿಯಲ್ಲಿ ಇಷ್ಟು ಒಳ್ಳೆಯ ರಸ್ತೆತಡೆ ಯಾವತ್ತೂ ಆಗಿರಲಿಲ್ಲ.

ಇಳಿಯುವಾಗ ಅವನು ಕೇಳಿದ, ‘ಯಾವ ಕ್ಲಾಸಿಗಂತೆ?’

‘ಏಳಕ್ಕೆ.’

‘ಏಳು ಆಯ್ತಲ್ಲ?’

‘ನೀನು ಮೊದಲು ಗಾಡಿ ತೆಗಿ’ ಅಂದಳು ಗುಂಡಿಯಕ್ಕ.